ಬಾಗಿಲಲ್ಲೇ ನಿಂತ ಗ್ರಾಹಕ

"ಮಾತ್ರೆ ತಗೊಂಡ್ರೆ ತಾನೇ ಅಮ್ಮ ವಾಸಿಯಾಗೋದು?" ಎಂದರು ಎದೆ ಡಾಕ್ಟರು, ಕೈಯಲ್ಲಿದ್ದ ಎಕ್ಸ್‌ರೇಯಿಂದ ಕಣ್ಣು ತೆಗೆಯದೆ. "ನೀವು ತಗೋತಾ ಇಲ್ಲ. ವಿಷಯ ಅಷ್ಟೇ."

ಎದುರಿಗೆ ಕೂತಿದ್ದ ಅತ್ತೆಗೆ ಮೊದಲೇ ಉಬ್ಬಸ. ಈಗ ಕೋಪವೂ ಸೇರಿಕೊಂಡು ಮಾತೇ ಹೊರಡಲಿಲ್ಲ. ಒಂದು ಕಾಲಕ್ಕೆ ಊರಿಗೆ ಊರೇ ಕೇಳಿದ್ದ ದನಿ ಅದು. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳಿ ಹೇಳಿಯೇ ನಿವೃತ್ತರಾದ ಹೆಂಗಸು. ಅವರು ಬಾಯಿ ತೆರೆದರೆ ಓಡುವವರು ನಿಲ್ಲುತ್ತಿದ್ದರು, ನಿಂತವರು ಓಡುತ್ತಿದ್ದರು. ಈಗ ಒಂದು ವಾಕ್ಯ ಮುಗಿಸುವುದರೊಳಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು.

"ತಗೋತೀನಿ," ಎಂದರು ಕೊನೆಗೂ. "ಒಂದು ದಿನಾನೂ... ತಪ್ಪಿಸಿಲ್ಲ."

ಪಕ್ಕದಲ್ಲಿದ್ದ ಮಗ ತಲೆ ಕೆರೆದುಕೊಂಡ. ಶಾಲೆಯಲ್ಲಿ ಗಣಿತ ಕಲಿಸುವವನು. ಅವನಿಗೆ ಎಲ್ಲವೂ ಮೂರು ಸಾಲಿನಲ್ಲಿ ಮುಗಿಯಬೇಕು. "ಅಮ್ಮ, ನೋಡು. ಔಷಧಿ ತಗೊಂಡ್ರೆ ಗುಣ ಆಗ್ಬೇಕು. ನಿಂಗೆ ಗುಣ ಆಗಿಲ್ಲ. ಅಂದ್ಮೇಲೆ..."

"ಅಂದ್ಮೇಲೆ ಏನೋ?"

ಮಗ ಬಾಯಿ ಮುಚ್ಚಿಕೊಂಡ. ಆದರೆ ಲೆಕ್ಕದ ಮೂರನೆಯ ಸಾಲು ಎಲ್ಲರಿಗೂ ಕೇಳಿಸಿಯಾಗಿತ್ತು.

ಗೋಡೆಗೆ ಒರಗಿ ನಿಂತಿದ್ದ ಸೊಸೆ ಒಂದು ಮಾತೂ ಆಡಲಿಲ್ಲ. ಇದು ಅವಳ ಸ್ವಭಾವವೇ ಅಲ್ಲ. ಅವಳು ಕೆಲಸ ಮಾಡುವ ಸಂಶೋಧನಾ ಲ್ಯಾಬಿನಲ್ಲಿ ಅವಳಿಗೆ ಇಟ್ಟ ಹೆಸರು ಗಡಿಬಿಡಿ. ಬಾಗಿಲು ತಳ್ಳಿಕೊಂಡು ಒಳಗೆ ಬರುವ ಮೊದಲೇ ಮಾತು ಬಂದಿರುತ್ತಿತ್ತು. ಅವಳ ಚಹಾದ ಲೋಟ ಯಾವಾಗಲೂ ಬೇರೆಯವರ ಮೇಜಿನ ಮೇಲೆ ಅರ್ಧ ಕುಡಿದ ಸ್ಥಿತಿಯಲ್ಲಿ ಸಿಗುತ್ತಿತ್ತು. ಅಂಥವಳು ಸುಮ್ಮನಿದ್ದಳೆಂದರೆ, ಅವಳಿಗೂ ಒಳಗೊಳಗೇ ಅನುಮಾನ ಇತ್ತು ಅಂತಲೇ ಅರ್ಥ. ಅತ್ತೆಗೆ ಕಹಿ ಕಂಡರೆ ಆಗುವುದಿಲ್ಲ, ಮಾತ್ರೆಯಿಂದ ಮುಖ ಊದಿಕೊಂಡದ್ದಕ್ಕೆ ಕನ್ನಡಿಯ ಮುಂದೆ ನಿಂತು ಬೈದುಕೊಳ್ಳುತ್ತಾರೆ. ಯಾರಿಗೆ ಗೊತ್ತು.

ವಾಪಸು ಬರುವಾಗ ಮಗ ಶಾಲೆಗೆ ಹೋದ. ಅತ್ತೆ ಸೊಸೆ ಬಸ್ಸಿನಲ್ಲಿ ಕೂತರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಮುಖ ತಿರುಗಿಸದೆಯೇ ಕೇಳಿದರು.

"ನೀನೂ ನಂಬಲ್ವೇನೇ?"

ಸೊಸೆ ಅವರತ್ತ ತಿರುಗಿ ಕೂತಳು. "ಹಾಗಲ್ಲ ಅತ್ತೆ. ಈಗ ನೀವು ಮಾತ್ರೆ ನುಂಗ್ತೀರಿ ಅಂತಲೇ ಇಟ್ಕೊಳ್ಳೋಣ..."

"ಇಟ್ಕೊಳ್ಳೋದೇನು ಬಂತು? ನುಂಗ್ತೀನಿ!"

"ಸರಿ, ನುಂಗ್ತೀರಿ. ಹೊಟ್ಟೆಗೆ ಹೋಗುತ್ತೆ. ಅಲ್ಲಿಂದ ರಕ್ತಕ್ಕೆ ಹೋಗುತ್ತೆ. ರಕ್ತದಿಂದ ಜೀವಕೋಶದ ಒಳಗೆ ಹೋಗುತ್ತೆ. ಅಲ್ಲಿ ಹೋಗಿ..."

ಮಾತು ಅಲ್ಲಿಗೇ ನಿಂತಿತು. ಗಡಿಬಿಡಿ ಬಾಯಿ ತೆರೆದುಕೊಂಡೇ ಕೂತಳು. ಅಲ್ಲಿ ಹೋಗಿ ಏನಾಗುತ್ತದೆ ಎನ್ನುವುದೇ ಅವಳು ವರ್ಷಗಟ್ಟಲೆ ಲ್ಯಾಬಿನಲ್ಲಿ ನೋಡುತ್ತಾ ಬಂದಿದ್ದ ವಿಷಯ. ಅದೇ ಹಾರ್ಮೋನು, ಅದೇ ಪ್ರೋಟೀನು. ಮನೆಯ ಕಪಾಟಿನಲ್ಲಿದ್ದ ಮಾತ್ರೆಯ ಡಬ್ಬಿಗೂ ತನ್ನ ಮೇಜಿನ ಮೇಲಿನ, ಕೋಶ ಬೆಳೆಸುವ ತಟ್ಟೆಗಳಿಗೂ ನೆಂಟಸ್ತಿಕೆ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ! ನುಂಗಿದ್ದಕ್ಕೂ ಗುಣವಾಗುವುದಕ್ಕೂ ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ಬೇಕಾದರೂ ಕಾಲು ಜಾರಬಹುದು.

"ಏನಾಯ್ತೇ? ಉಸಿರು ಸಿಕ್ಕದೆ ಇರೋದು ನಂಗೆ, ನೀನ್ಯಾಕೆ ಹೀಗೆ ಮಾಡ್ತೀಯ?"

"ಅತ್ತೆ! ಆ ಮಾತ್ರೆ ಏನು ಗೊತ್ತಾ? ನಮ್ಮ ಮೈಯಲ್ಲೇ ತಯಾರಾಗೋ ಒಂದು ಹಾರ್ಮೋನಿನ ನಕಲು. ಅದನ್ನ ಹಿಡ್ಕೊಳ್ಳೋಕೆ ಅಂತಲೇ ಕೋಶದೊಳಗೆ ಒಂದು ಪ್ರೋಟೀನು ಕಾಯ್ತಾ ಇರುತ್ತೆ. ಗ್ರಾಹಕ ಅಂತಾರೆ ಅದಕ್ಕೆ."

"ಗ್ರಾಹಕ ಅಂದ್ರೆ? ಅಂಗಡಿಗೆ ಬರ್ತಾನಲ್ಲ, ಗಿರಾಕಿ?"

"ಅಯ್ಯೋ, ಅದಲ್ಲ. ಗ್ರಹಿಸೋದು, ಹಿಡ್ಕೊಳ್ಳೋದು. ಹಾರ್ಮೋನು ಕೈಗೆ ಸಿಕ್ಕ ತಕ್ಷಣ ಅದನ್ನ ಎತ್ಕೊಂಡು ಕೋಶದ ನಟ್ಟನಡುವೆ ಇರೋ ಕೋಶಕೇಂದ್ರಕ್ಕೆ ಓಡುತ್ತೆ. ಜೀನುಗಳೆಲ್ಲ ಇರೋದು ಅಲ್ಲೇ. ಕೆಲವು ಜೀನುಗಳನ್ನ ಎಬ್ಬಿಸಿ ಕೂರಿಸುತ್ತೆ, ಕೆಲವಕ್ಕೆ ಬಾಯಿ ಮುಚ್ಚು ಅನ್ನುತ್ತೆ. ನಿಮ್ಮ ಉಸಿರಿನ ದಾರಿ ಊದಿಸೋ ಜೀನುಗಳಿವೆ ನೋಡಿ, ಅವುಗಳನ್ನ ಸುಮ್ಮನಿರಿಸೋದು ಅದೇ."

ಅತ್ತೆ ಯೋಚಿಸಿದರು. "ಮತ್ತೆ ನನ್ನ ಗಿರಾಕಿ ಏನು ಮಾಡ್ತಿದಾನೆ?"

"ಅದೇ ನೋಡ್ಬೇಕು! ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದಾನೋ ಏನೋ!"

ಅವಳು ಇಷ್ಟು ಜೋರಾಗಿ ಹೇಳಿದ್ದರಿಂದ ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಅತ್ತೆ ಸೊಸೆ ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಗಡಿಬಿಡಿ ಚೀಲವನ್ನೂ ಇಳಿಸದೆ ಪ್ರೊಫೆಸರ ಕೋಣೆಗೆ ನುಗ್ಗಿದಳು. ಪ್ರೊಫೆಸರು ತೆಳ್ಳಗಿನ, ತಣ್ಣಗಿನ ಮನುಷ್ಯ. ಭೂಮಿ ಅದುರಿದರೂ ಮೊದಲು ಪೆನ್ನಿನ ಮುಚ್ಚಳ ಹಾಕಿ ಆಮೇಲೆ ಏಳುವಂಥವರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಉಬ್ಬಸದವರಲ್ಲಿ ಕೆಲವರಿಗೆ, ಅತ್ತೆ ನುಂಗುವಂಥ ಸ್ಟೀರಾಯ್ಡ್ ಮಾತ್ರೆ ಎಷ್ಟು ಕೊಟ್ಟರೂ ನಾಟುವುದಿಲ್ಲ. ಅವರ ಗ್ರಾಹಕಕ್ಕೆ ಏನೋ ಅಂಟಿಕೊಂಡಿರಬಹುದು. ತಾವು ಇಷ್ಟು ದಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ನೋಡಿದ್ದೂ ಅದೇ ಅಲ್ಲವೇ? ಪ್ರೋಟೀನಿನ ಮೈಗೆ ಫಾಸ್ಫೇಟ್ ಎಂಬ ಒಂದು ಸಣ್ಣ ಅಣುಗುಂಪು ಅಂಟಿದರೆ ಸಾಕು, ಅದರ ನಡತೆಯೇ ಬದಲಾಗುತ್ತದೆ. ಎಲ್ಲಿ ಅಂಟಿತು ಎನ್ನುವುದರ ಮೇಲೆ, ಮೊದಲಿಗಿಂತ ಚುರುಕಾಗಬಹುದು, ಇಲ್ಲವೇ ಕೂತಲ್ಲೇ ಕೂರಬಹುದು.

"ನಮ್ಮತ್ತೆ ರಕ್ತ ತಂದು ನಾಳೆನೇ ನೋಡ್ಬಿಡ್ತೀನಿ ಸಾರ್."

"ಖಂಡಿತ ನೋಡಲ್ಲ," ಎಂದರು ಪ್ರೊಫೆಸರು. "ನಿಮ್ಮ ಅತ್ತೆಗೋಸ್ಕರ ಪ್ರಯೋಗ ಮಾಡೋಕಾಗಲ್ಲ ಅಮ್ಮ. ಅವರಂಥವರಿಗೋಸ್ಕರ ಮಾಡಬಹುದು."

ಅವಳ ಮುಖ ಸಪ್ಪಗಾಯಿತು. ಆದರೆ ಅವರು ಪೆನ್ನಿನ ಮುಚ್ಚಳ ತೆಗೆದದ್ದನ್ನು ಕಂಡು ಮತ್ತೆ ಅರಳಿತು. ಪ್ರೊಫೆಸರು ಬರೆಯತೊಡಗಿದರೆಂದರೆ ವಿಷಯ ಅವರ ತಲೆಗೆ ಹೊಕ್ಕಿತು ಅಂತಲೇ. ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಹೋಗಬೇಕು. ಮಾತ್ರೆ ಹಿಡಿಸಿದವರು, ಹಿಡಿಸದವರು, ಇಬ್ಬರ ರಕ್ತವೂ ಬೇಕು. ಕೊಳವೆಗಳ ಮೇಲೆ ಹೆಸರು ಇರಕೂಡದು, ಸಂಖ್ಯೆ ಮಾತ್ರ. ಯಾರ ರಕ್ತ ಯಾವುದೆಂದು ಆಸ್ಪತ್ರೆಯವರಿಗಷ್ಟೇ ಗೊತ್ತಿರಬೇಕು. ಮತ್ತೊಂದು ಮಾತನ್ನು ಅವರು ಅಡಿಗೆರೆ ಎಳೆದು ಬರೆದರು: ಮಾತ್ರೆ ಹಿಡಿಸದವರೆಂದು ಸೇರಿಸಿಕೊಳ್ಳುವ ಮೊದಲು, ಅವರ ರಕ್ತದಲ್ಲಿ ಮಾತ್ರೆಯ ಅಂಶ ಇದೆಯೋ ಇಲ್ಲವೋ ಪರೀಕ್ಷಿಸಬೇಕು.

"ಅದ್ಯಾಕೆ ಸಾರ್?"

"ನುಂಗದೆ ಇರೋರು ಸೇರ್ಕೊಂಡ್ರೆ ನಮ್ಮ ಲೆಕ್ಕ ಕೆಡುತ್ತಲ್ಲ."

ಎದೆ ಡಾಕ್ಟರು ಈ ಅಧ್ಯಯನಕ್ಕೆ ಕೂಡಲೇ ಒಪ್ಪಿಕೊಂಡರು. ಅವರೇನು ಕೆಟ್ಟವರಲ್ಲ; ಸುಳ್ಳು ಹೇಳುವ ರೋಗಿಗಳನ್ನು ಕಂಡು ಕಂಡು, ನಿಜ ಹೇಳುವವರ ಮುಖ ಹೇಗಿರುತ್ತದೆಂದು ಮರೆತಿದ್ದರು ಅಷ್ಟೇ. ಅತ್ತೆಯೂ ಹೋಗಿ ಸಹಿ ಹಾಕಿ ರಕ್ತ ಕೊಟ್ಟು ಬಂದರು.

ಸ್ವಲ್ಪ ದಿನ ಕಳೆದ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ. ಅತ್ತೆ ಕೇಳಿದರು, ಕಣ್ಣರಳಿಸಿದರು, ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಒತ್ತಿದರು.

"ಇನ್ನೊಂದ್ಸಲ ಹೇಳಮ್ಮ. ಜೋರಾಗಿ."

"ನಿಮ್ಮ ರಕ್ತದಲ್ಲಿ ಮಾತ್ರೆ ಇರಬೇಕಾದಷ್ಟು ಇದೆ ಮೇಡಂ," ಎಂದಿತು ಆ ಕಡೆಯ ದನಿ. "ನೀವು ಸರಿಯಾಗೇ ತಗೋತಿದೀರ. ನಿಮ್ಮನ್ನ ಅಧ್ಯಯನಕ್ಕೆ ಸೇರಿಸ್ಕೊಂಡಿದೀವಿ."

ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಎಲ್ಲಿಂದ ಬಂತೋ ಆ ಹಳೆಯ ದನಿ, ಕೋಣೆಯ ಗಾಜುಗಳೇ ಝಲ್ಲೆಂದವು. "ಪ್ರಯಾಣಿಕರು ದಯವಿಟ್ಟು ಗಮನಿಸಿ! ಗಣಿತದ ಮೇಷ್ಟ್ರ ಲೆಕ್ಕ... ತಪ್ಪಾಗಿರುವುದರಿಂದ..." ಅಲ್ಲಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮುತ್ತಲೇ ನಗುತ್ತಿದ್ದರು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಗ ತಟ್ಟೆ ಬಿಟ್ಟು ಎದ್ದು ಹೋಗಿ ಅವರ ಬೆನ್ನು ಸವರಿದ. "ತಪ್ಪಾಯ್ತಮ್ಮ. ನಂಬಬೇಕಾಗಿತ್ತು."

"ನಿಂಗೆ ಸೊನ್ನೆ," ಎಂದರು ಅತ್ತೆ. "ಕೂತ್ಕೊಂಡು ಊಟ ಮಾಡು."

ಸೊಸೆ ತಲೆ ತಗ್ಗಿಸಿ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೂ ಸೊನ್ನೆಯೇ ಬರಬೇಕಿತ್ತು. ಕೇಳಿದವರಿಲ್ಲ, ಅಷ್ಟೇ. ಆದರೆ ಆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಏನೋ ಕುದಿಯುತ್ತಿತ್ತು. ಮಾತ್ರೆ ಹೊಟ್ಟೆಗೆ ಹೋಗಿದೆ. ರಕ್ತಕ್ಕೂ ಹೋಗಿದೆ. ಹಾಗಾದರೆ ಕಾಲು ಜಾರಿದ್ದು ಕೋಶದ ಒಳಗೇ!

ಲ್ಯಾಬಿಗೆ ರಕ್ತದ ಕೊಳವೆಗಳು ಬರತೊಡಗಿದವು. ಈ ಕೆಲಸದಲ್ಲಿ ಅವಳಿಗೆ ಜೊತೆಯಾದವನು ಪಕ್ಕದ ಮೇಜಿನ ತಂತ್ರಜ್ಞ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಕನ್ನಡಕ. ಇಬ್ಬರೂ ಸೇರಿ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿದರು, ಅವುಗಳ ಮೇಲೆ ಸ್ಟೀರಾಯ್ಡ್ ಹಾಕಿದರು, ಆಮೇಲೆ ಬಣ್ಣ ಕಟ್ಟಿದರು. ಗ್ರಾಹಕಕ್ಕೆ ಹಸಿರು, ಕೋಶಕೇಂದ್ರಕ್ಕೆ ನೀಲಿ. ಕತ್ತಲೆಯ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತರೆ ನೋಡಬೇಕಾದ್ದು ಒಂದೇ: ಹಸಿರು ಎಲ್ಲಿದೆ?

ಮೊದಲನೆಯ ಕೊಳವೆಯವರಲ್ಲಿ ಹಸಿರು ನೀಲಿಯೊಳಗೆ ಸೇರಿಹೋಗಿತ್ತು. ಎರಡನೆಯದರಲ್ಲೂ ಅಷ್ಟೇ. ಮೂರನೆಯದನ್ನು ಇಟ್ಟು ಕಣ್ಣು ಹಚ್ಚಿದ ಗಡಿಬಿಡಿ ಉಸಿರಾಡುವುದನ್ನೇ ಮರೆತಳು. ಹಸಿರು ಒಳಗೆ ಹೋಗಿರಲಿಲ್ಲ. ನೀಲಿ ಉಂಡೆಯ ಸುತ್ತ ಉಂಗುರದ ಹಾಗೆ ಹೊರಗೇ ನಿಂತಿತ್ತು. ಸ್ಲೈಡನ್ನು ಆಚೀಚೆ ಸರಿಸಿದಳು. ಈ ಕೋಶದಲ್ಲೂ ಹೊರಗೆ. ಆ ಕೋಶದಲ್ಲೂ ಹೊರಗೆ. ಎಲ್ಲೋ ಒಂದೆರಡರಲ್ಲಿ ಒಳಗೆ ಇಣುಕಿತ್ತೇ ಹೊರತು, ಉಳಿದವೆಲ್ಲ ಹೊಸ್ತಿಲು ದಾಟಿರಲಿಲ್ಲ.

"ಕನ್ನಡಕಾ! ನಿಂತಿದಾನೆ ಕಣೋ! ಬಾಗಿಲಲ್ಲೇ ನಿಂತಿದಾನೆ!"

ಕನ್ನಡಕ ಬಂದು ನೋಡುವುದರೊಳಗೆ ಅವಳು ಕೋಣೆಯಲ್ಲಿರಲಿಲ್ಲ. ಮೊಸಾಯಿಕ್ ನೆಲದ ಮೇಲೆ ಚಪ್ಪಲಿ ಪಟಪಟ ಬಡಿಸಿಕೊಂಡು ಓಡಿದವಳು, ಆಗಷ್ಟೇ ಒರೆಸಿದ್ದ ತಿರುವಿನಲ್ಲಿ ಜಾರಿ, ಅಗ್ನಿಶಾಮಕ ಸಿಲಿಂಡರನ್ನು ತಬ್ಬಿಕೊಂಡು ನಿಂತಳು. ಅದೇ ಸಮಯಕ್ಕೆ ಪ್ರೊಫೆಸರು ಬಾಗಿಲು ತೆರೆದು ಹೊರಗೆ ಬಂದರು.

"ಬೆಂಕಿ ಬಿದ್ದಿದೆಯಾ?"

"ಹೂಂ ಸಾರ್! ಅಲ್ಲ ಸಾರ್! ಹಸಿರು ಹೊರಗಿದೆ ಸಾರ್!"

ಪ್ರೊಫೆಸರು ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಎಂದರು. ಅವರ ಬಾಯಿಂದ ಆ ಪದ ಬಿದ್ದದ್ದನ್ನು ಲ್ಯಾಬಿನವರು ಹಿಂದೆಂದೂ ಕೇಳಿರಲಿಲ್ಲ. "ಬಣ್ಣ ಸುಳ್ಳು ಹೇಳ್ತಿಲ್ಲ ಅಂತ ಮೊದಲು ಖಚಿತ ಮಾಡ್ಕೊಳ್ಳಿ. ಆಮೇಲೆ, ಯಾಕೆ ಹೊರಗಿದೆ ಅಂತ ಹೇಳಿ."

ಯಾಕೆ ಎನ್ನುವುದಕ್ಕೆ ಅವಳ ಹತ್ತಿರ ಉತ್ತರ ಸಿದ್ಧವಾಗಿತ್ತು. ಫಾಸ್ಫೇಟ್. ಅದನ್ನು ಹಿಡಿಯಲು ಅವಳು ಒಂದು ವಿಶೇಷ ಪ್ರತಿಕಾಯ ತರಿಸಿದ್ದಳು. ಗ್ರಾಹಕದ ಒಂದೇ ಒಂದು ಗೊತ್ತಾದ ಜಾಗದಲ್ಲಿ ಫಾಸ್ಫೇಟ್ ಅಂಟಿದ್ದರೆ ಮಾತ್ರ ಅದು ಹೋಗಿ ಹಿಡಿಯುತ್ತದೆ. ಆಗ ಯಂತ್ರದ ತೆರೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇಲ್ಲದಿದ್ದರೆ ಖಾಲಿ. ಮಾತ್ರೆ ಹಿಡಿಸದವರಲ್ಲಿ ಗೆರೆ, ಹಿಡಿಸಿದವರಲ್ಲಿ ಖಾಲಿ. ಹಾಗೆ ಬರಬೇಕು. ಬಂದೇ ಬರುತ್ತದೆ.

ತೆರೆಯ ಮೇಲೆ ಗೆರೆಗಳು ಮೂಡಿದವು. ಎಲ್ಲರಲ್ಲೂ! ಹಿಡಿಸಿದವರು ಹಿಡಿಸದವರು ಎನ್ನದೆ ಸಾಲಾಗಿ ಎಲ್ಲರಲ್ಲೂ ಕಪ್ಪಗೆ, ದಪ್ಪಗೆ.

ಗಡಿಬಿಡಿ ಕುರ್ಚಿಯ ಮೇಲೆ ಕುಸಿದಳು. "ಹೋಯ್ತು. ಎಲ್ಲಾ ಹೋಯ್ತು."

ಕನ್ನಡಕ ತೆರೆಯನ್ನೇ ದಿಟ್ಟಿಸುತ್ತಿದ್ದ. "ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡಿ. ಮೊನ್ನೆ ಈ ಪರೀಕ್ಷೆಗೆ ಅಂತ ಬೇರೆ ಕೊಳವೆಗಳು ಬಂದ್ವಲ್ಲ, ಐಸಲ್ಲಿ ಇಟ್ರಾ?"

ಇಟ್ಟಿರಲಿಲ್ಲ. ಮೊನ್ನೆ ಹೊಸ ಪ್ರತಿಕಾಯದ ಪೊಟ್ಟಣ ಬಂದ ಸಂಭ್ರಮದಲ್ಲಿ ಕೊಳವೆಗಳನ್ನು ಕಿಟಕಿಯ ಪಕ್ಕ ಇಟ್ಟು ಹೋದವಳು, ಚಹಾ ಕುಡಿದು, ನಾಲ್ಕು ಜನಕ್ಕೆ ಸುದ್ದಿ ಹೇಳಿ ಆಮೇಲೆ ಬಂದಿದ್ದಳು. ಕೋಶಗಳಿಗೆ ಸುಮ್ಮನೆ ಹಿಂಸೆಯಾದರೂ ಫಾಸ್ಫೇಟ್ ಅಂಟಿಸುವ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ. ಬಿಸಿಲಿನಲ್ಲಿ ಕಾಯಿಸಿದ ಆ ಕೋಶಗಳ ಗ್ರಾಹಕಗಳಿಗೆಲ್ಲ ಅವಳೇ ಫಾಸ್ಫೇಟ್ ಅಂಟಿಸಿಟ್ಟಂತಾಗಿತ್ತು.

"ನನ್ನ ಗಡಿಬಿಡೀನೇ ಕಾರಣ ಕಣೋ," ಎಂದಳು. ಆ ಹೆಸರನ್ನು ಅವಳೇ ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು.

ಹೊಸ ರಕ್ತ ಬೇಕಾಯಿತು. ಎಲ್ಲರನ್ನೂ ಮತ್ತೆ ಕರೆಸಬೇಕಾಯಿತು. ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಅತ್ತೆಗೆ ಉಬ್ಬಸ ಹಿಂದೆಂದೂ ಇಲ್ಲದಷ್ಟು ಜೋರಾಗಿ ಎದ್ದಿತು. ತುಟಿ ನೀಲಿಗಟ್ಟಿತು, ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದವು. ಮಗ ಅವರನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿ, ಉಸಿರಿನ ದಾರಿ ಸಡಿಲಿಸುವ ಹನಿಮದ್ದನ್ನು ಹಬೆಯಾಗಿ ಕೊಟ್ಟ ಮೇಲೆ ಅತ್ತೆ ಕಣ್ಣು ಬಿಟ್ಟರು.

ಎದೆ ಡಾಕ್ಟರು ಮಂಚದ ಬಳಿ ನಿಂತಿದ್ದರು. ಈ ಸಲ ಅವರು ಗದರಲಿಲ್ಲ. "ಮಾತ್ರೆ ಇನ್ನೂ ಏರಿಸೋಣ ಅಂದ್ರೆ ಮೂಳೆ, ಸಕ್ಕರೆ, ಎಲ್ಲಾ ಕೆಡುತ್ತೆ. ಏರಿಸಿದ್ರೂ ಕೆಲಸ ಮಾಡುತ್ತೆ ಅನ್ನೋ ಧೈರ್ಯ ನಂಗಿಲ್ಲ," ಎಂದು ಸೊಸೆಯ ಮುಖ ನೋಡಿದರು. "ನಿಮ್ಮ ಪ್ರಯೋಗ ಏನು ಹೇಳುತ್ತೆ?"

"ಇನ್ನೂ ಏನೂ ಹೇಳ್ತಿಲ್ಲ ಡಾಕ್ಟ್ರೇ," ಎಂದಳು ಅವಳು. ಕಿಟಕಿಯ ಪಕ್ಕ ಬಿಸಿಲಿಗೆ ಬಿದ್ದಿದ್ದ ಕೊಳವೆಗಳು ಕಣ್ಣ ಮುಂದೆ ಬಂದವು.

ಮುಖವಾಡದೊಳಗಿಂದ ಅತ್ತೆ ಏನೋ ಅಂದರು. ಬಗ್ಗಿ ಕೇಳಿದಳು.

"ರಕ್ತ ಬೇಕಂತಲ್ಲ... ತಗೊಳ್ಳಿ. ಹೇಗೂ ಇಲ್ಲೇ ಬಿದ್ದಿದೀನಿ."

ಹೊಸ ರಕ್ತದ ಕೊಳವೆಗಳು ಬಂದಾಗ ಗಡಿಬಿಡಿ ಯಾರೊಂದಿಗೂ ಮಾತಾಡಲಿಲ್ಲ. ಐಸು ತುಂಬಿದ ಡಬ್ಬಿಯನ್ನು ಎದೆಗವುಚಿಕೊಂಡು, ತುಂಬಿದ ಕೊಡ ಹೊತ್ತವಳಂತೆ ನಡೆದು ಬಂದಳು. ಚಹಾ ಕರೆದರೂ ಹೋಗಲಿಲ್ಲ. ಹಾಕಬೇಕಾದ್ದನ್ನು ಹಾಕಿ, ಕಾಯಬೇಕಾದಷ್ಟು ಕಾದು, ತೊಳೆಯಬೇಕಾದ್ದನ್ನು ತೊಳೆದಳು. ಅವಳು ಇಷ್ಟು ಮೆಲ್ಲಗೆ ಕೆಲಸ ಮಾಡುವುದನ್ನು ಕಂಡು, ಹುಷಾರಿಲ್ಲವೇನೋ ಎಂದು ಇಬ್ಬರು ಮೂವರು ಬಂದು ವಿಚಾರಿಸಿದರು.

ಮಧ್ಯಾಹ್ನ ತೆರೆ ಬೆಳಗಿತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಗೆರೆ. ಪಕ್ಕದಲ್ಲಿ ಖಾಲಿ. ಮತ್ತೆ ಖಾಲಿ. ಮತ್ತೊಂದು ಗೆರೆ.

"ಹೊರಗೆ ನಿಂತಿದ್ದು ಯಾರ್‍ಯಾರದು? ಓದೋ, ಬೇಗ ಓದೋ!"

ಕನ್ನಡಕ ಸಂಖ್ಯೆಗಳನ್ನು ಓದುತ್ತಾ ಹೋದ. ಹಸಿರು ಹೊರಗೆ ನಿಂತಿದ್ದ ಸಂಖ್ಯೆ ಬಂದಾಗಲೆಲ್ಲ ಗೆರೆ. ಒಳಗೆ ಹೋಗಿದ್ದ ಸಂಖ್ಯೆ ಬಂದಾಗ ಖಾಲಿ, ಇಲ್ಲವೇ ಕಂಡೂ ಕಾಣದಂಥ ನೆರಳು. ಒಬ್ಬರ ವಿಷಯದಲ್ಲಿ ಮಾತ್ರ ಹೊಂದಲಿಲ್ಲ. ಅವರದು ಬೇರೆಯೇ ಕಥೆ ಇರಬೇಕು. ಉಳಿದದ್ದೆಲ್ಲ ಕೂಡಿಸಿಟ್ಟ ಹಾಗೆ ಕೂಡಿತು. ಕನ್ನಡಕ ತನ್ನ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಅವಳು ಮೇಜಿನ ಮೇಲೆ ಎರಡೂ ಕೈಯಿಂದ ತಬಲ ಬಾರಿಸತೊಡಗಿದಳು.

ಪ್ರೊಫೆಸರು ಮಾತ್ರ, "ಎರಡೂ ಜೊತೇಲಿದೆ, ಸರಿ. ಜೊತೇಲಿದ್ದ ಮಾತ್ರಕ್ಕೆ ಅದೇ ಕಾರಣ ಅಂತ ಆಗಲ್ಲ," ಎಂದರು. "ಆ ಫಾಸ್ಫೇಟ್ ಇಲ್ಲದೆ ಇದ್ರೆ ಒಳಗೆ ಹೋಗುತ್ತಾ? ತೋರಿಸಿ."

ಇದಕ್ಕೆ ಎರಡು ದಾರಿಗಳಿದ್ದವು. ಅವಳು ಎರಡನ್ನೂ ಹಿಡಿದಳು. ಒಂದು, ಫಾಸ್ಫೇಟ್ ಅಂಟಿಸುವ ಕಿಣ್ವದ ಕೈಕಟ್ಟುವ ಒಂದು ರಾಸಾಯನಿಕವನ್ನು ಕೋಶಗಳ ಮೇಲೆ ಹಾಕುವುದು. ಇನ್ನೊಂದು, ಗ್ರಾಹಕದಲ್ಲಿ ಆ ಒಂದು ಜಾಗವನ್ನಷ್ಟೇ ಬದಲಿಸಿ, ಫಾಸ್ಫೇಟ್ ಅಂಟಲು ಹಿಡಿತವೇ ಸಿಗದ ಹಾಗೆ ಮಾಡಿ, ತಟ್ಟೆಯ ಕೋಶಗಳಿಗೆ ಕೊಡುವುದು. ಎರಡನೆಯದಕ್ಕೆ ವಾರಗಳೇ ಹಿಡಿದವು. ಬದಲಿಸಿದ ಗ್ರಾಹಕ, ಕಿಣ್ವ ಎಷ್ಟು ಕುಣಿದರೂ ಲೆಕ್ಕಿಸದೆ, ಹಾರ್ಮೋನು ಸಿಕ್ಕಿದ್ದೇ ತಡ ನೆಟ್ಟಗೆ ಕೋಶಕೇಂದ್ರದೊಳಗೆ ಹೋಗಿ ಕೂತಿತು!

ಆಮೇಲೆ ಗೆರೆ ಮೂಡಿದ್ದ ರೋಗಿಗಳ ಕೋಶಗಳ ಸರದಿ. ಕಿಣ್ವದ ಕೈಕಟ್ಟಿ, ಸ್ಟೀರಾಯ್ಡ್ ಹಾಕಿದರು. ಹಸಿರು ಒಳಗೆ ಹೋದದ್ದು ಕಂಡಿತು. ಆದರೆ ಒಳಗೆ ಹೋಗಿ ಸುಮ್ಮನೆ ಕೂತಿದೆಯೋ, ಕೆಲಸ ಮಾಡುತ್ತಿದೆಯೋ? ಊತ ಇಳಿಸುವ ಜೀನು ನಿಜಕ್ಕೂ ಎದ್ದಿದೆಯೋ? ಎದ್ದ ಜೀನಿನಿಂದ ಹೊರಡುವ ಸಂದೇಶಗಳನ್ನು ಅಳೆಯುವ ಯಂತ್ರದ ಮುಂದೆ ಆ ದಿನ ಇಡೀ ಲ್ಯಾಬೇ ಬಂದು ನಿಂತಿತ್ತು. ಯಾರನ್ನೂ ಯಾರೂ ಕರೆದಿರಲಿಲ್ಲ.

ತೆರೆಯ ಮೇಲೆ ಎರಡು ಗೆರೆಗಳು ನೆಲ ಹಿಡಿದು ಹೊರಟವು. ಕೆಂಪು, ಬರೀ ಸ್ಟೀರಾಯ್ಡ್ ಹಾಕಿದ್ದು. ನೀಲಿ, ಕಿಣ್ವದ ಕೈಯನ್ನೂ ಕಟ್ಟಿದ್ದು. ಸಂದೇಶ ಎಷ್ಟು ಹೆಚ್ಚಿದ್ದರೆ ಗೆರೆ ಅಷ್ಟು ಬೇಗ ಮೇಲೇಳಬೇಕು. ಎರಡೂ ಮಲಗಿಯೇ ಇದ್ದವು. ಯಾರೋ ಕೆಮ್ಮಿದರೆ ಎಲ್ಲರೂ ಅವರನ್ನು ದುರುಗುಟ್ಟಿ ನೋಡಿದರು.

ನೀಲಿ ಗೆರೆ ಸ್ವಲ್ಪ ಮಿಸುಕಿತು.

"ಅದೇನಲ್ಲ," ಎಂದಳು ಗಡಿಬಿಡಿ, ತನಗೆ ತಾನೇ. "ಸುಮ್ಮನೆ ಅಲುಗಿದ್ದು."

ಗೆರೆ ಬಾಗಿತು. ಬಾಗಿದ್ದು ಏಳತೊಡಗಿತು. ಎದ್ದದ್ದು ನಿಲ್ಲಲೇ ಇಲ್ಲ. ಏಣಿ ಹತ್ತಿದ ಹಾಗೆ ಸರಸರನೆ ತೆರೆಯ ಮೇಲಂಚಿನತ್ತ ಹೋಯಿತು. ಕೆಂಪು ಗೆರೆ ಇನ್ನೂ ಕೆಳಗೇ ತೆವಳುತ್ತಿತ್ತು. ಕನ್ನಡಕ "ಹೋ!" ಎಂದು ಕೂಗಿದ. ಯಾರೋ ಶಿಳ್ಳೆ ಹಾಕಿದರು. ಯಾರ ಬೆನ್ನಿಗೆ ಯಾರು ಗುದ್ದಿದರೋ ತಿಳಿಯಲಿಲ್ಲ. ಗಡಿಬಿಡಿ ಕೂಗಲಿಲ್ಲ, ಓಡಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಕುಪ್ಪಳಿಸುತ್ತಿದ್ದಳು, ಕಣ್ಣಲ್ಲಿ ನೀರು ಧಾರಾಕಾರ. ಒಂದು ಚಿಟಿಕೆಯಷ್ಟೂ ಇಲ್ಲದ ಫಾಸ್ಫೇಟ್! ಅದು ಅಂಟಿದರೆ ಜೀನು ಮಲಗುತ್ತದೆ, ಬಿಟ್ಟರೆ ಏಳುತ್ತದೆ. ಒಬ್ಬ ಹೆಂಗಸಿನ ಮಾತನ್ನು ಮನೆಯವರು ನಂಬದ ಹಾಗೆ ಮಾಡಬಲ್ಲದು ಅಷ್ಟು ಸಣ್ಣ ವಸ್ತು.

ಹಿಂದಿನಿಂದ ಪ್ರೊಫೆಸರ ದನಿ ಕೇಳಿಸಿತು. "ನಾಳೆ ಇನ್ನೊಂದ್ಸಲ ಮಾಡೋಣ." ಆದರೆ ಹಾಗೆ ಹೇಳಿದವರ ಕೈಯಲ್ಲಿ ಪೆನ್ನು ಇತ್ತು, ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಹುಡುಕಿದರೂ ಅದು ಸಿಕ್ಕಲಿಲ್ಲ.

ಮತ್ತೆ ಮಾಡಿದರು, ಮತ್ತೆ ಬಂತು. ಅಧ್ಯಯನ ಮುಗಿದು ಯಾರ ಸಂಖ್ಯೆ ಯಾವುದೆಂದು ಆಸ್ಪತ್ರೆಯವರು ಬಿಚ್ಚಿದ ಮೇಲೆ, ಎದೆ ಡಾಕ್ಟರು ಅತ್ತೆಯನ್ನು ಕರೆಸಿದರು. ಮಗ, ಸೊಸೆ ಇಬ್ಬರೂ ಜೊತೆಗೆ ಹೋದರು.

"ನಿಮಗೆ ಮೊದಲು ನಾನೊಂದು ಮಾತು ಹೇಳಬೇಕು," ಎಂದರು ಡಾಕ್ಟರು. "ಅವತ್ತು ನಾನು ಹಾಗೆ ಅಂದಿದ್ದು ತಪ್ಪು. ನಿಮ್ಮ ಗ್ರಾಹಕಕ್ಕೆ ಆ ಫಾಸ್ಫೇಟ್ ಅಂಟಿದೆ. ಹಿಡಿ ತುಂಬ ಮಾತ್ರೆ ಕೊಟ್ಟಿದ್ರೂ ಅಷ್ಟೇ ಆಗ್ತಿತ್ತು."

"ಈಗ ಅದನ್ನ ಕಿತ್ತು ಹಾಕೋಕೆ ಔಷಧಿ ಇದೆಯಾ?" ಎಂದು ಕೇಳಿದರು ಅತ್ತೆ.

"ಇನ್ನೂ ಇಲ್ಲ. ಲ್ಯಾಬಿನಲ್ಲಿ ಆಗಿದ್ದು ಮೈಯಲ್ಲೂ ಆಗುತ್ತೆ ಅಂತ ಹೇಳೋಕೆ ಬರಲ್ಲ. ಆ ಕಿಣ್ವಕ್ಕೆ ಮೈಯಲ್ಲಿ ಬೇರೆ ಕೆಲಸಗಳೂ ಇವೆ. ಆದರೆ ಒಂದಂತೂ ಮಾಡಬಹುದು. ನಿಮ್ಮ ಮಾತ್ರೆ ಮೆಲ್ಲಗೆ ಇಳಿಸ್ತೀನಿ. ಆ ಗ್ರಾಹಕದ ಹಂಗೇ ಇಲ್ಲದೆ ಕೆಲಸ ಮಾಡೋ ಬೇರೆ ಜಾತಿ ಚುಚ್ಚುಮದ್ದು ಒಂದಿದೆ, ಅದನ್ನ ಕೊಟ್ಟು ನೋಡ್ತೀನಿ."

ಚುಚ್ಚುಮದ್ದು ಹಿಡಿಸಿತು. ಪೂರ್ತಿ ಅಲ್ಲ, ಮೆಟ್ಟಿಲು ಹತ್ತಿದರೆ ಈಗಲೂ ನಿಂತು ಸುಧಾರಿಸಿಕೊಳ್ಳಬೇಕು. ಆದರೆ ವಾಕ್ಯಗಳು ಉದ್ದವಾದವು. ಮುಖದ ಊತ ಇಳಿದು ಕೆನ್ನೆಯ ಮೂಳೆಗಳು ಮತ್ತೆ ಕಂಡವು. ದಿನಾ ಬೆಳಿಗ್ಗೆ ಮಗನ ಜೊತೆ ಜಗಳವಾಡುವಷ್ಟು ಉಸಿರು ಬಂತು. ಅವನಿಗೂ ಅದು ಬೇಕಾಗಿತ್ತು.

ಒಂದು ಶನಿವಾರ ಅತ್ತೆ ಲ್ಯಾಬಿಗೆ ಬಂದರು. ನೋಡಲೇಬೇಕೆಂದು ಹಟ ಹಿಡಿದಿದ್ದರು. ಅವರಿಗಾಗಿ ಸೊಸೆ ಹೊಸದಾಗಿ ಬಣ್ಣ ಕಟ್ಟಿದ ಎರಡು ಸ್ಲೈಡುಗಳನ್ನು ಸಿದ್ಧಮಾಡಿಟ್ಟಿದ್ದಳು. ಕತ್ತಲೆ ಕೋಣೆಯಲ್ಲಿ ಪ್ರೊಫೆಸರು ತಾವೇ ಕುರ್ಚಿ ಎಳೆದು ಕೊಟ್ಟರು. ವಿಷಯ ತಿಳಿದು ಎದೆ ಡಾಕ್ಟರೂ ಬಂದಿದ್ದರು. ಮಗ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ.

ಅತ್ತೆ ಕಣ್ಣು ಹಚ್ಚಿದರು. "ಇವನೇನಾ?"

"ಇವನೇ ಅತ್ತೆ. ಹಸಿರು ಕಾಣುತ್ತಲ್ಲ, ಹೊರಗೆ ಸುತ್ತ ನಿಂತಿರೋದು? ಅದೇ ನಿಮ್ಮ ಗಿರಾಕಿ."

"ಎಷ್ಟೊಂದು ಜನ ಇದಾರಲ್ಲೇ! ಎಲ್ಲಾ ಹೀಗೇ ನಿಂತುಬಿಟ್ಟಿದಾರೆ, ಸೋಮಾರಿಗಳು."

"ಅವರ ತಪ್ಪಲ್ಲ. ಕಾಲಿಗೆ ಫಾಸ್ಫೇಟ್ ಕಟ್ಟಿಬಿಟ್ಟಿದೆ. ಈಗ ಇದನ್ನ ನೋಡಿ, ಇದ್ರಲ್ಲಿ ಆ ಕಿಣ್ವದ ಕೈ ಕಟ್ಟಿದೀವಿ."

ಸೊಸೆ ಎರಡನೆಯ ಸ್ಲೈಡ್ ಇಟ್ಟಳು. ಅತ್ತೆ ನೋಡಿದರು. ಆಮೇಲೆ ಅವರು ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು, ಕಣ್ಣು ಮಾತ್ರ ಅಲ್ಲೇ ಇತ್ತು.

"ಹೋಗಿದಾನೆ ಕಣೇ. ಒಳಗೆ ಹೋಗಿದಾನೆ!"

"ಹೂಂ ಅತ್ತೆ."

"ನಂದೇ ತಾನೇ ಇದು? ಬೇರೆಯವರದ್ದು ಇಟ್ಟು ನನ್ನ ಸಮಾಧಾನ ಮಾಡ್ತಿಲ್ಲ ತಾನೇ?"

"ನಿಮ್ದೇ. ನಿಮ್ಮಾಣೆ."

"ಒಂದು ನಿಮಿಷ ಮಾತಾಡಿಸ್ಬೇಡ. ನೋಡ್ತೀನಿ."

ಅವರು ಗುಂಡಿಯನ್ನು ತಾವೇ ತಿರುಗಿಸಲು ಕಲಿತು, ಒಂದು ಕೋಶದಿಂದ ಇನ್ನೊಂದಕ್ಕೆ ಸರಿಯುತ್ತಾ, ಪ್ರತಿಯೊಂದಕ್ಕೂ "ಶಾಭಾಷ್" ಎನ್ನುತ್ತಾ ಹೋದರು. ಮಗ ಬಂದು ಬಗ್ಗಿದರೆ ಮೊಣಕೈಯಿಂದ ಆಚೆ ತಳ್ಳಿದರು. ಕುರ್ಚಿಯ ಹಿಂದೆ ಎದೆ ಡಾಕ್ಟರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ತಮ್ಮ ಸರದಿಗಾಗಿ ಕಾಯುತ್ತಾ ನಿಂತಿದ್ದರು.